ಯಾರ ಪೈಕಿ ಅಂತ ಜಪಾನಿನಾಗ ಕೇಳಿದ್ದು

ಆದೋನಿ

ನಮ್ಮ ಕಡಿ ಹೆಸರು ಹೇಳಿದ್ರ ಪರಿಚಯ ಆದಂಗಲ್ಲ. ಹೆಸರು ಯಾರಿಗೆ ಬೇಕ್ರಿ? ಒಂದೇ ಹೆಸರಿನವರು ಓಣಿಗೆ ನಾಕು ಮಂದಿ ಇರ್ತಾರ. ಹೊಳಗುಂದದಾಗ ಬಸ್ ಹತ್ತಿ ಪಕ್ಕದಾಕಿ ಜೋಡಿ ಮಾತಿಗೆ ಕುಂತ್ವಿ ಅಂದ್ರ ಮೊದಲು ಯಾವೂರು ಅಂತೀವಿ, ಆಮ್ಯಾಲೆ ಯಾರ ಪೈಕಿ ಅಂತೀವಿ, ಆಮ್ಯಾಲೆ ನಿಮ್ಮವ್ವನ ತವರು ಯಾವುದು ಅಂತೀವಿ. ಬಸ್ಸು ಆದೋನಿ ಮುಟ್ಟೋದ್ರೊಳಗ ಆಕಿ ನಮ್ಮ ದೊಡ್ಡವ್ವನ ಸೊಸಿಯ ತಂಗಿಯ ನಾದಿನಿ ಅಂತ ಹೊರಬೀಳ್ತೈತಿ. ಹೊರಬೀಳಲಿಲ್ಲ ಅಂದ್ರ ಇಬ್ರೂ ಮನಸ್ಸಿಟ್ಟು ಹುಡುಕಿಲ್ಲ ಅಂತ ಅರ್ಥ. ಇಳಿಯೋ ಹೊತ್ತಿಗೆ ಆಕಿ ನನ್ನ ಚೀಲ ಹಿಡಕೊಂಡಿರ್ತಾಳ, ನಾನು ಆಕಿ ಕೂಸು ಎತ್ತಿಕೊಂಡಿರ್ತೀನಿ. ಒಬ್ಬರ ಹೆಸರು ಮಾತ್ರ ಇನ್ನೊಬ್ಬರಿಗೆ ಗೊತ್ತಿರಂಗಿಲ್ಲ, ಕೇಳೇ ಇರಂಗಿಲ್ಲ.

ಇದನ್ನ ಯಾಕ ಹೇಳ್ತೀನಿ ಅಂದ್ರ, ನಾನು ಜಪಾನಿಗೆ ಹೋಗಿದ್ದು ಇದೊಂದು ಮಾತು ಕೇಳಿಕೊಂಡು ಬರಾಕ. ಹಿಮದ ಗುಡ್ಡ ನೋಡಾಕಲ್ಲ, ಬಾಣದಂಗ ಹೋಗೋ ರೈಲು ಹತ್ತಾಕಲ್ಲ.

ನಮ್ಮಣ್ಣ ಚನ್ನಬಸಪ್ಪ ಹತ್ತಿ ವ್ಯಾಪಾರಿ, ನಮ್ಮ ಮನಿಯವರು ತೀರಿಕೊಂಡ ಮ್ಯಾಲೆ ನಾನು ಅವನ ಜೋಡೀನೇ ಇದೀನಿ. ಅವನ ಮಗಳು ನೀಲಾ ಜಪಾನಿನಾಗ ಮುದುಕರನ್ನ ನೋಡಿಕೊಳ್ಳೋ ಒಂದು ಆಶ್ರಮದಾಗ ಕೆಲಸ ಮಾಡ್ತಾಳ. ತಾಯಿ ಇಲ್ಲದ ಹುಡುಗಿ, ನಾನು ಅತ್ತಿ, ನನ್ನ ಸೆರಗು ಹಿಡಕೊಂಡೇ ಬೆಳೆದಾಕಿ. ಯುಗಾದಿ ದಿನ ಆಕಿ ಫೋನ್ ಮಾಡಿ, "ಅಪ್ಪಾ, ಒಬ್ಬ ಹುಡುಗ ಮನಸ್ಸಿಗೆ ಬಂದಾನ, ಕೆಂತಾ ಅಂತ, ಇಲ್ಲಿಯವನೇ," ಅಂದ್ಲು. ಅಣ್ಣ ಹಾರಾಡ್ತಾನ ಅಂತ ನಾನು ಗೋಡಿ ಹಿಡಕೊಂಡು ನಿಂತೆ. ಅಂವ ಹಾರಾಡಲಿಲ್ಲ. ಶಾಂತ ಕುಂತು ಕೇಳಿದ: "ಮನಿಯವರು ಏನು ಮಾಡ್ತಾರವ್ವಾ?"

"ಗಾದಿ ಮಾಡ್ತಾರಪ್ಪಾ. ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತ ತುಂಬಿ ಹೊಲಿದು ಕೊಡ್ತಾರ. ಅವರ ಅಜ್ಜನ ಕಾಲದಿಂದ ಅದೇ ಕೆಲಸ."

ಅಣ್ಣ ಫೋನ್ ಇಟ್ಟುಬಿಟ್ಟ. "ಜಪಾನಿನವರಾದ್ರ ಆಗಲಿ ಅಂದೆ. ಪಿಂಜಾರರ ಮನಿಗೆ ಹೆಣ್ಣು ಕೊಡು ಅಂತ ಯಾರು ಹೇಳಿದ್ರು?"

ಪಿಂಜಾರರು ಅಂದ್ರ ನಮ್ಮ ಕಡಿ ಬಿಲ್ಲು ಹಿಡಿದು ಹತ್ತಿ ಹಿಂಜಿ ಗಾದಿ ಹೊಲಿಯೋ ಮಂದಿ. ಹತ್ತಿ ಮಾರೋ ನಮಗೂ ಹಿಂಜೋ ಅವರಿಗೂ ನಡುವ ಇರೋದು ಅದೇ ಹತ್ತಿ. ಅವರು ಹಿಂಜಿದ ಗಾದಿ ಮ್ಯಾಲೆ ನಾವು ಹುಟ್ಟೀವಿ, ಅದರ ಮ್ಯಾಲೇ ಸಾಯ್ತೀವಿ. ಆದ್ರ ಹೆಣ್ಣು ಕೊಟ್ಟು ತರೋ ಮಾತು ಬಂತಂದ್ರ ನಮ್ಮಣ್ಣನಂಥವರಿಗೆ ಮೈಯಾಗ ದೆವ್ವ ಬಂದಂಗ ಆಗ್ತೈತಿ. ನಾನು ಅಂದೆ, "ಏ ಮಾರಾಯಾ, ಜಪಾನಿನಾಗ ಪಿಂಜಾರರು ಎಲ್ಲಿಂದ ಬಂದ್ರು? ಬಿಲ್ಲು ಹೊತ್ಕೊಂಡು ಸಮುದ್ರ ಈಸಿದ್ರೇನು?" ಅಂವ ಕೇಳಲಿಲ್ಲ. ಅವತ್ತಿನಿಂದ ಮಗಳ ಜೋಡಿ ಮಾತು ಬಿಟ್ಟ. ನೀಲಾನ ಫೋನ್ ಬಂತಂದ್ರ ಎದ್ದು ಹಿತ್ತಲಿಗೆ ಹೋಗಿ ಕುಂದ್ರಾಂವ. ಆಕಿನೂ ಅಪ್ಪನ ಮಗಳೇ, "ಅಪ್ಪ ಮಾತಾಡೋ ತನ ನಾನು ಮದುವಿ ಆಗಂಗಿಲ್ಲ," ಅಂತ ಕುಂತ್ಲು. ಇಬ್ಬರ ನಡುವ ನಾನು ಅರಿಯೋ ಕಲ್ಲಿನಾಗ ಸಿಕ್ಕ ಮೆಣಸಿನಕಾಯಿ ಆದೆ.

ಕಡೀಗೆ ದಸರಾ ಹೊತ್ತಿಗೆ ಅಣ್ಣ ಒಂದು ಮೆಟ್ಟಲು ಇಳಿದ. "ನೀನು ಹೋಗಿ ಮನೆತನ ನೋಡಿ ಬಾ, ಸುವರ್ಣಾ. ಗಾದಿ ಅಂಗಡಿ ಇದ್ರ ಇರಲಿ, ಮೂಲ ಬ್ಯಾರೆ ಇರಬಹುದು. ಅವರು ಯಾರ ಪೈಕಿ ಅಂತ ಒಂದು ಮಾತು ಖಾತ್ರಿ ಮಾಡಿಕೊಂಡು ಹೇಳು. ಆಮ್ಯಾಲೆ ಆಕಿ ಜೋಡಿ ಮಾತಾಡ್ತೀನೋ ಬಿಡ್ತೀನೋ ನೋಡೋಣು."

ಸರಿ, ನೀಲಾ ಫೋನಿನಾಗ ನನಗ ಪಾಠ ಶುರು ಮಾಡಿದ್ಲು. "ಹಜಿಮೆಮಾಶ್ತೆ. ವತಾಶಿ ವಾ ಸುವರ್ಣಾ ದೆಸ್. ಇಂದೋ ಕಾರಾ ಕಿಮಾಶ್ತಾ. ಯೊರೋಶಿಕು ಒನೆಗಾಯ್‌ಶಿಮಾಸ್." ಅಂದ್ರ, ಇದೇ ಮೊದಲ ಭೇಟಿ, ನಾನು ಸುವರ್ಣಾ, ಇಂಡಿಯಾದಿಂದ ಬಂದೀನಿ, ನಿಮ್ಮ ದಯಾ ಇರಲಿ. ಹೇಳಿ ಬಗ್ಗಬೇಕು.

"ಮುಂದ?" ಅಂದೆ.

"ಮುಂದ ಏನಿಲ್ಲತ್ತಿ. ಅಷ್ಟ."

"ಯಾರ ಪೈಕಿ ಅಂತ ಕೇಳೋದು ಎಲ್ಲಿ ಬರ್ತೈತಿ?"

"ಇಲ್ಲಿ ಹಂಗ ಕೇಳಂಗಿಲ್ಲ."

ನಾನು ಫೋನ್ ಕಿವಿಯಿಂದ ತೆಗೆದು ಒಂದು ಸಲ ನೋಡಿದೆ. ಕೇಳಂಗಿಲ್ಲ ಅಂದ್ರ ಆ ದೇಶದಾಗ ಮದುವಿ ಹೆಂಗ ಆಗ್ತಾವ, ಮಕ್ಕಳು ಹೆಂಗ ಹುಟ್ತಾವ? ಆದ್ರೂ ಆ ನಾಕು ಮಾತು ಬಾಯಿಪಾಠ ಮಾಡಿದೆ. ಕಾಯಿಪಲ್ಲೆ ಅಂಗಡಿ ಮುಂದ ನಿಂತು ಬದನಿಕಾಯಿ ಮಾರೋ ಈರಮ್ಮಗ ಬಗ್ಗಿ ಬಗ್ಗಿ ಹೇಳ್ತಿದ್ದೆ. ಆಕಿ, "ಏಮಾಯಿಂದಕ್ಕಾ, ನಡುಮು ನೊಪ್ಪಾ? ಸೊಂಟ ಹಿಡದೈತೇನು?" ಅಂತ ತೆಲುಗು ಕನ್ನಡ ಎರಡೂ ಭಾಷಾದಾಗ ಕೇಳಿ, ಹಚ್ಚಾಕ ಎಣ್ಣಿ ಹೇಳಿದ್ಲು.

ವಿಮಾನ ಇಳಿದ ಜಾಗ

ಒಂದು ಖರೆ ಹೇಳ್ತೀನಿ. ಊರು ಆಂಧ್ರದಾಗ, ಮನಿಮಾತು ಕನ್ನಡ, ಹಂಗಾಗಿ ನಮ್ಮ ಕಡಿ ಮಂದಿ ಬಾಯಾಗ ಎರಡು ಖಾನಿ ಅದಾವ. ಮನಿಯವರು ಬಂದ್ರ ಕನ್ನಡದ ಖಾನಿ ತೆಗೀತೈತಿ. ಆಫೀಸು, ಪೊಲೀಸು, ಆಸ್ಪತ್ರಿ, ಮನಿಯವರಲ್ಲದ ಯಾರೇ ಬರಲಿ, ತೆಲುಗಿನ ಖಾನಿ ತೆಗೀತೈತಿ. ಮೂರನೇ ಖಾನಿ ಇಲ್ಲ. ಇದು ನನಗ ಗೊತ್ತಾಗಿದ್ದು ನಾಗೋಯಾದ ವಿಮಾನ ನಿಲ್ದಾಣದಾಗ.

ಗಾಜಿನ ಹಿಂದ ಕುಂತ ಹುಡುಗ ಏನೋ ಕೇಳಿದ. ನಾನು ಉಸಿರು ಎಳಕೊಂಡೆ, ನಾಕು ಮಾತು ನಾಲಿಗಿ ತುದೀಗೆ ಇದ್ವು. ಅವನ ಯೂನಿಫಾರ್ಮ್ ಕಣ್ಣಿಗೆ ಬಿತ್ತು ನೋಡ್ರಿ, ಬಾಯಿ ತನ್ನಷ್ಟಕ್ಕ ತಾನೇ ತೆರೀತು: "ಮಾ ಅನ್ನ ಕೂತುರು ಇಕ್ಕಡ ಉಂದಿ ಬಾಬೂ, ಚೂಸಿ ಪೋದಾಮನಿ ವಚ್ಚಾನು." ಅಣ್ಣನ ಮಗಳು ಇಲ್ಲಿ ಅದಾಳಪ್ಪಾ, ನೋಡಿ ಹೋಗೋಣಂತ ಬಂದೆ ಅಂತ. ಆ ಹುಡುಗ ತಲಿ ಆಡಿಸಿದ. ಮತ್ತೇನೋ ಕೇಳಿದ. ನಾನು ತೆಲುಗಿನಾಗೇ ನೀಲಾನ ಪೂರ್ತಿ ಕಥಿ ಹೇಳಿದೆ, ಅಣ್ಣ ಮಾತು ಬಿಟ್ಟಿದ್ದನ್ನೂ ಹೇಳಿದೆ. ಅಂವ ಠಪ್ ಅಂತ ಮುದ್ರಿ ಒತ್ತಿ ಕೈ ಮಾಡಿ ಕಳಿಸಿದ. ಪಾಪ, ಅವಗ ಅರ್ಥ ಆತೋ, ಸಾಕಾತೋ ಗೊತ್ತಿಲ್ಲ.

ಮುಂದ ಚೀಲ ನೋಡೋ ಕಡಿ ಒಂದು ನಾಯಿ. ಬೆಳ್ಳಗ ಸ್ವಚ್ಛ ಇತ್ತು, ನಮ್ಮೂರ ನಾಯಿಗಳಿಗೆ ತೋರಿಸಿದ್ರ ನಾಚಿಕೊಂಡಾವು. ಬಂದದ್ದೇ ನನ್ನ ಚೀಲದ ಪಕ್ಕ ಕುಂತುಬಿಡ್ತು. ಶೇಂಗಾ ಚಟ್ನಿಪುಡಿ ಡಬ್ಬಿ ಒಳಗಿತ್ತು. ಒಬ್ಬಾಕಿ ಹೆಣ್ಣುಮಗಳು ಕೈಗವಸು ಹಾಕ್ಕೊಂಡು ಡಬ್ಬಿ ತೆರೆದು ಮೂಗು ಹತ್ರ ಒಯ್ದಳು. ಬ್ಯಾಡವ್ವಾ ಅನ್ನೋದ್ರೊಳಗ ಒಯ್ದಾಗಿತ್ತು. ಆಕಿ ಸೀನಿದ್ಲು ನೋಡ್ರಿ, ಸೀನಿ ಕ್ಷಮಾ ಕೇಳಿ ಬಗ್ಗಿದ್ಲು, ಬಗ್ಗಿ ಮತ್ತ ಸೀನಿದ್ಲು. ನಾನೂ ಬಗ್ಗಿದೆ. ನಾಯಿ ಇಬ್ಬರನ್ನೂ ನೋಡಿ ಎದ್ದು ಹೋತು. ಹೊರಗ ನೀಲಾ ನಿಂತಿದ್ಲು, ತೆಳ್ಳಗ ಆಗ್ಯಾಳ. ಅಪ್ಪಿಕೊಂಡು ಮೊದಲು ಕೇಳಿದ್ದೇ "ಅಪ್ಪ ಏನರ ಅಂದನಾ?" ಅಂತ. ಇಲ್ಲವ್ವಾ ಅಂದೆ. ಆಕಿ ಚೀಲ ಎತ್ತಿಕೊಂಡು ಮುಂದ ನಡೆದ್ಲು.

ನೀಲಾನ ಅಪಾರ್ಟ್‌ಮೆಂಟ್

ಅಲ್ಲಿ ಹೊಸಬರು ಬಂದ್ರ ಅಕ್ಕಪಕ್ಕದ ಬಾಗಿಲಿಗೆ ಹೋಗಿ ಒಂದು ಸಣ್ಣ ಡಬ್ಬಿ ಕೊಟ್ಟು ಪರಿಚಯ ಹೇಳಿ ಬರೋ ಪದ್ಧತಿ ಐತಂತ. ನನಗ ಬಾಳ ಖುಷಿ ಆತು. ಹೊಸಾ ಸೀರಿ ಉಟ್ಟುಕೊಂಡು ಹೊಂಟೆ.

ಮೊದಲ ಬಾಗಿಲು ಒಂದು ಗೇಣು ತೆರೀತು. ಒಬ್ಬ ಹೆಣ್ಣುಮಗಳ ಅರ್ಧ ಮುಖ. ನಾನು ನಾಕೂ ಮಾತು ತಪ್ಪಿಲ್ಲದಂಗ ಹೇಳಿದೆ. ಆಕಿನೂ ಅವೇ ನಾಕು ಮಾತು ಹೇಳಿದ್ಲು, ಡಬ್ಬಿ ತಗೊಂಡ್ಲು, ಬಗ್ಗಿದ್ಲು. ನಾನೂ ಬಗ್ಗಿದೆ. ಬಾಗಿಲು ಹಾಕಿಕೊಂಡ್ಲು.

ನಾನು ಅಲ್ಲೇ ನಿಂತೆ. ಒಳಗ ಹೋಗಿ ಜಮಖಾನಿ ಹಾಸಿ, ನೀರು ತುಂಬಿಕೊಂಡು ಕರೀತಾಳ ಅಂತ ನನ್ನ ಲೆಕ್ಕ. ನಮ್ಮಲ್ಲಿ ಜಗಳಾ ಮಾಡಾಕ ಬಂದವರಿಗೂ ಮೊದಲು ನೀರು ಕೊಡ್ತೀವಿ. ನೀಲಾ, "ಅತ್ತಿ, ಆತು ನಡಿ," ಅಂದ್ಲು. "ಎಲ್ಲಿ ಆತು? ಆಕಿ ಅವ್ವ ಯಾವೂರಾಕಿ ಅಂತ ನಾನು ಇನ್ನಾ ಕೇಳಿಲ್ಲ," ಅಂದೆ. ಅಷ್ಟೊತ್ತಿಗೆ ಆಕಿ ಬಾಗಿಲು ತೆರೆದು ಇಣುಕಿದ್ಲು. ನಾನು ನಿಂತಿದ್ದು ಕಂಡು ಗಾಬರಿಯಾಗಿ ಬಗ್ಗಿದ್ಲು. ಬಗ್ಗಿದವರಿಗೆ ಬಗ್ಗದಿದ್ರ ಹೆಂಗ? ನಾನೂ ಬಗ್ಗಿದೆ. ನಾನು ಬಗ್ಗಿದೆ ಅಂತ ಆಕಿ ಇನ್ನೊಂದು ಸಲ, ಆಕಿ ಬಗ್ಗಿದ್ಲು ಅಂತ ನಾನು ಇನ್ನೊಂದು ಸಲ. ಯಾರು ಮೊದಲು ನಿಂದ್ರಿಸಬೇಕು ಅಂತ ನೀಲಾ ಪಾಠದಾಗ ಹೇಳಿಕೊಟ್ಟಿದ್ದಿಲ್ಲ. ಕಡೀಗೆ ನೀಲಾ ನನ್ನ ರಟ್ಟಿ ಹಿಡಿದು ಎಳಕೊಂಡು ಹೋದ್ಲು. ತಿರುಗಿ ನೋಡಿದ್ರ ಆಕಿ ಬಾಗಿಲಿನಾಗ ಇನ್ನೂ ಬಗ್ಗಿದಂಗೇ ಇದ್ಲು.

ಇಡೀ ಮಹಡಿ ತಿರುಗಿದ ಮ್ಯಾಲೆ ನನ್ನ ಕೈಯಾಗ ಉಳಿದದ್ದು ಬರೇ ಹೆಸರುಗಳು. ಹೆಸರು ಇಟ್ಕೊಂಡು ಏನು ಮಾಡ್ಲಿ? ಮೊರಿಯವರ ಮನಿಯಾಗೂ, ಕೆಂತಾನ ಮನಿತನದ ಹೆಸರು ಮೊರಿ ಅಂತ, ಅಲ್ಲೂ ಹಿಂಗೇ ಆದ್ರ ಅಣ್ಣಗ ಏನು ಹೇಳ್ಲಿ? ಅವತ್ತು ನನಗ ಖರೇನೇ ಹೆದರಿಕಿ ಹತ್ತಿತು.

ಆಶ್ರಮ

ಮರುದಿನ ನೀಲಾ ತನ್ನ ಕೆಲಸದ ಜಾಗಕ್ಕ ಕರಕೊಂಡು ಹೋದ್ಲು. ಕಿಡಕಿ ಹತ್ರ ಗಾಲಿ ಕುರ್ಚಿಯಾಗ ಒಬ್ಬ ಮುದುಕಿ ಕುಂತಿದ್ಲು, ಕೈಬೆರಳು ಅಷ್ಟೂ ಗಂಟು ಗಂಟು, ಮುಖದ ತುಂಬ ನಗು. ಆಕಿಗೆ ಮರವು. ಈಗ ಹೇಳಿದ್ದು ಈಗ ಇಲ್ಲ. ನಾನು ಹೋಗಿ ಬಗ್ಗಿ ನಾಕು ಮಾತು ಹೇಳಿದೆ. ಮುದುಕಿ ಕಣ್ಣು ಸಣ್ಣ ಮಾಡಿ ನನ್ನ ನೋಡಿ, "ದೋಕೋ ನೋ ಕೋ?" ಅಂದ್ಲು.

ನೀಲಾ ನಕ್ಕಳು. "ಯಾರ ಮನಿ ಕೂಸವ್ವಾ ನೀನು ಅಂತ ಕೇಳ್ತಾಳತ್ತಿ. ಹಳೇ ಕಾಲದ ಮುದುಕರು ಓಣಿಯಾಗ ಆಡೋ ಮಕ್ಕಳಿಗೆ ಹಿಂಗ ಕೇಳ್ತಿದ್ರಂತ."

ಅಯ್ಯ ಶಿವನೇ! ಇಷ್ಟು ದೊಡ್ಡ ದೇಶದಾಗ ಒಬ್ಬರಾದ್ರೂ ಮನುಷ್ಯರಂಗ ಕೇಳಿದ್ರಲ್ಲ! ನನ್ನ ಕಣ್ಣಾಗ ನೀರೇ ಬಂತು. ಆಕಿ ಮುಂದ ನೆಲದ ಮ್ಯಾಲೇ ಕುಂತುಬಿಟ್ಟು, ಕನ್ನಡದಾಗ ಎಲ್ಲಾ ಹೇಳಿದೆ. ಹೊಳಗುಂದದ ಹತ್ತಿ ಶಿವಲಿಂಗಪ್ಪನ ಮೊಮ್ಮಗಳು ನಾನು, ನಮ್ಮವ್ವನ ತವರು ಪತ್ತಿಕೊಂಡ, ಕೊಟ್ಟ ಮನಿ ಆದೋನಿ, ನಮ್ಮ ದೊಡ್ಡ ಸೋದರತ್ತಿನ್ನ ನಂದವರಕ್ಕ ಕೊಟ್ಟಿತ್ತು, ಮನಿಯವರು ತೀರಿಕೊಂಡು ವರ್ಷ ಬಾಳಾದ್ವು, ಮಕ್ಕಳಾಗಲಿಲ್ಲ, ಇಕಿನೇ ನನ್ನ ಮಗಳು ಅಂತ ನೀಲಾನ ತೋರಿಸಿದೆ. ಮುದುಕಿ ಪ್ರತಿಯೊಂದಕ್ಕೂ ತಲಿ ಹಾಕಿದ್ಲು. ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡೆ. ಮುದುಕಿ ನನ್ನ ನೋಡಿ ನಕ್ಕು, "ದೋಕೋ ನೋ ಕೋ?" ಅಂದ್ಲು.

ಮತ್ತ ಹೇಳಿದೆ. ಸಂಜೀ ತನ ಅದೇ ನಡೀತು. ಒಮ್ಮೆ ಹೊಳಗುಂದದಿಂದ ಶುರು ಮಾಡಿದ್ರ ಇನ್ನೊಮ್ಮೆ ಪತ್ತಿಕೊಂಡದಿಂದ ಬಂದೆ. ನಡುವ ಬ್ಯಾಸರ ಬಂದು ನಮ್ಮ ಬೀಗರ ಮನಿಯ ಜಗಳಗಳನ್ನೂ ಸೇರಿಸಿದೆ. ಎಷ್ಟು ಸಲ ಹೇಳಿದ್ರೂ ಮೊದಲ ಸಲ ಕೇಳಿದಷ್ಟೇ ಪ್ರೀತಿಯಿಂದ ಕೇಳಿದ್ಲು. ನಮ್ಮೂರಿನಾಗ ಯಾರು ಹಂಗ ಕೇಳ್ತಾರ ಹೇಳ್ರಿ?

ಹೋಗುವಾಗ ನೀಲಾ ಎಚ್ಚರಿಕಿ ಕೊಟ್ಟಳು. "ಅತ್ತಿ, ಆ ಮಾತು ದೊಡ್ಡವರಿಗೆ ಕೇಳಬಾರದು ಮತ್ತ. ಸಣ್ಣ ಮಕ್ಕಳಿಗೆ ಅಷ್ಟ."

ಹೂಂ ಅಂದೆ. ಮನಸ್ಸಿನಾಗ ಮಾತ್ರ ಅದನ್ನ ಗಂಟು ಹಾಕಿ ಸೊಂಟಕ್ಕ ಸಿಗಿಸಿಕೊಂಡೆ. ನಾಕು ಮಾತಿಗೆ ಐದನೇದು ಸಿಕ್ಕಿತ್ತು.

ಮೊರಿಯವರ ಮನಿ

ರೈಲಿನಾಗ ಒಂದು ತಾಸು, ಸಣ್ಣ ಊರು. ಮುಂದ ಗಾದಿ ಅಂಗಡಿ, ಹಿಂದ ಮನಿ. ಕೆಂತಾ ಬಾಗಿಲಿಗೆ ಬಂದ. ಉದ್ದಕ, ಸಣ್ಣಕ, ಕಿವಿ ದೊಡ್ಡವು, ಕೆಟ್ಟವನಲ್ಲ ಅಂತ ನೋಡಿದಕೂಡ್ಲೇ ತಿಳೀತೈತಿ. "ನಮಸ್ಕಾರ ಅತ್ತಿ," ಅಂದ. ಅಷ್ಟಕ್ಕೇ ಅವನ ಕಿವಿ ಕೆಂಪಗಾದವು. ಅವರವ್ವ ದುಂಡಗಿನ ಹೆಣ್ಣುಮಗಳು, ನಗ್ತಾ ನಗ್ತಾ ಚಾ ತಂದ್ಲು. ಅಪ್ಪ, ಮೊರಿ ಯಜಮಾನರು, ಕಂಬದಂಗ ನೆಟ್ಟಗ ಕುಂತಿದ್ರು. ಮುಖದಾಗ ಒಂದು ಗೆರಿ ಅಲುಗಲಿಲ್ಲ. ಮಗ ಪರದೇಶದ ಹುಡುಗಿ ತಂದಾನ ಅಂತ ಅವರೂ ಮನಿಯಾಗ ಮಾತು ಕಮ್ಮಿ ಮಾಡ್ಯಾರಂತ, ನೀಲಾ ರೈಲಿನಾಗ ಹೇಳಿದ್ಲು. ಸರಿಯಾದ ಜೋಡಿ, ಅಲ್ಲೊಬ್ಬ ಇಲ್ಲೊಬ್ಬ.

ಮಣಕಾಲು ಮಡಚಿ ಹಿಮ್ಮಡಿ ಮ್ಯಾಲೆ ಕುಂದ್ರಬೇಕು. ಗುಡಿಯಾಗಿನ ಬಸವಣ್ಣನಂಗ ಕುಂತೆ. ನಾಕು ಮಾತು ಹೇಳಿದೆ. ಯಜಮಾನರು ತಮ್ಮ ನಾಕು ಮಾತು ಹೇಳಿದ್ರು. ಎಲ್ಲಾರೂ ಬಗ್ಗಿದ್ವಿ. ಗೋಡಿ ಗಡಿಯಾರದ ಸಪ್ಪಳ ಕೇಳ್ತಿತ್ತು. ನನ್ನ ಕಾಲು ಜೋಮು ಹಿಡೀತು. ನನ್ನ ಕೈ ತನ್ನಷ್ಟಕ್ಕ ತಾನು ಕೂಡಾಕ ಕೊಟ್ಟಿದ್ದ ಮೆತ್ತನ್ನ ದಿಂಬಿನ ಅಂಚು ತಡವುತಿತ್ತು. ಅಲ್ಲೊಂದು ಕಡಿ ಹೊಲಿಗಿ ಬಿಟ್ಟಿತ್ತು.

ಈಗ ನಮ್ಮ ಮನಿತನದ ಚಟ ಹೇಳ್ಬೇಕು. ಹತ್ತಿ ಕೈಗೆ ತಾಗಿತಂದ್ರ ಒಂದು ಚೂರು ಕಿತ್ತು, ಎರಡೂ ಹೆಬ್ಬೆರಳಿನಿಂದ ಎಳೆದು, ಎಳೆ ಎಷ್ಟುದ್ದ ಐತಿ ಅಂತ ಬೆಳಕಿಗೆ ಹಿಡಿದು ನೋಡಲೇಬೇಕು. ನನ್ನ ಮದುವಿಯಾಗ ಅಕ್ಷತಿ ಹಾಕೋ ಹೊತ್ತಿಗೆ ನಮ್ಮಪ್ಪ ಬೀಗರ ತಲಿದಿಂಬಿನಿಂದ ಹತ್ತಿ ಕಿತ್ತು ನೋಡ್ತಾ ಕುಂತಿದ್ದ. ನನಗೂ ಅದೇ ಆತು. ಏನು ಮಾಡ್ತೀನಿ ಅಂತ ಮನಸ್ಸಿಗೆ ಗೊತ್ತಾಗೋದ್ರೊಳಗ ಬೆರಳು ದಿಂಬಿನೊಳಗ ಹೋಗಿ, ಹತ್ತಿ ಹೊರಗ ಬಂದು, ಎಳೆ ಕಣ್ಣ ಮುಂದ ಇತ್ತು. "ಎಳೆ ಗಿಡ್ಡ ಐತಿ, ಆದ್ರ ಪುಟಿತೈತಿ. ಗಾದಿಗೆ ಛಲೋ," ಅಂತ ಬಾಯೂ ಅಂದುಬಿಡ್ತು.

ತಲಿ ಎತ್ತಿ ನೋಡಿದ್ರ ಎಲ್ಲಾರೂ ನನ್ನೇ ನೋಡ್ತಿದ್ರು. ಬೀಗತಿ ಚಾದ ಕಪ್ಪು ಅರ್ಧ ದಾರಿಯಾಗ ನಿಂತಿತ್ತು. ಬೀಗರ ಮನಿಗೆ ಬಂದು ಅವರ ದಿಂಬು ಹರೀತಾ ಕುಂತಾಕಿ! ನೀಲಾ ಕಣ್ಣು ಮುಚ್ಚಿಕೊಂಡಿದ್ಲು. ಯಜಮಾನರು ನನ್ನ ಕೈಯಾಗಿನ ಹತ್ತಿ ಕಡಿ ಬೆರಳು ಮಾಡಿ ಒಂದೇ ಮಾತು ಅಂದ್ರು: "ಇಂದೋ."

"ಹೌದ್ರಿ, ಇಂದೋ ಕಾರಾ ಕಿಮಾಶ್ತಾ," ಅಂದೆ ಗಡಬಡಿಸಿ.

"ನಿನ್ನಲ್ಲತ್ತಿ," ನೀಲಾ ಪಿಸುಗುಟ್ಟಿದ್ಲು. "ಆ ಹತ್ತಿ ಇಂಡಿಯಾದ್ದಂತ. ಅವರು ಅಲ್ಲಿಂದ ಬಂದ ಹತ್ತಿನೇ ತುಂಬ್ತಾರ."

ಹತ್ತಿನೂ ನನ್ನಂಗೇ ಪರಿಚಯ ಹೇಳಿಕೊಂಡು ಇಲ್ಲಿ ಬಂದು ಕುಂತೈತಿ ಅಂದ್ರ ನನಗ ಎಲ್ಲಿಲ್ಲದ ಧೈರ್ಯ ಬಂತು. ಮರ್ಯಾದಿ ಹೆಂಗೂ ಹೋಗೈತಿ, ಇನ್ನೇನು ಹೆದರೋದು? ಯಜಮಾನರ ಕಡಿ ತಿರುಗಿ, ಸ್ಪಷ್ಟವಾಗಿ, ಬಗ್ಗಿ ಕೇಳೇಬಿಟ್ಟೆ: "ದೋಕೋ ನೋ ಕೋ?"

ಅರವತ್ತು ದಾಟಿದ ಗಂಡಸು, ತಲಿಯೆಲ್ಲಾ ಬೆಳ್ಳಗ, ತನ್ನ ಮನಿಯಾಗ ತಾನು ಕುಂತಾನ, ನಾನು ಅವಗ "ಯಾರ ಮನಿ ಕೂಸಪ್ಪಾ ನೀನು?" ಅಂದಿದ್ದೆ. ಕೆಂತಾನ ಕಿವಿ ಮತ್ತ ಕೆಂಪಾದವು. "ಅತ್ತೀ!" ಅಂದ್ಲು ನೀಲಾ, ಆಕಿ ದನಿಯಾಗ ಅಳು ಇತ್ತು. ಯಜಮಾನರು ಎದ್ರು. ಬಾಗಿಲು ಸರಿಸಿದ್ರು. ಹೊರಗ ಹೋಗಿಬಿಟ್ರು.

ಮುಗೀತಪ್ಪಾ, ಮದುವಿ ಮುರೀತು, ನನ್ನ ಕೈಯಿಂದಲೇ ಮುರೀತು ಅಂತ ಎದಿ ಹಿಡಕೊಂಡೆ. ಎದ್ದು ಹಿಂದ ಹೋಗಬೇಕಂದ್ರ ಎರಡೂ ಕಾಲಿಗೆ ಜೀವ ಇಲ್ಲ. ಅಷ್ಟರಾಗ ಅವರೇ ತಿರುಗಿ ಬಂದ್ರು. ಒಂದು ಕೈಯಾಗ ಕಪ್ಪು ಬಿಳುಪು ಫೋಟೋ, ಅವರಪ್ಪಂದು. ಇನ್ನೊಂದು ಕೈಯಾಗ ಮನುಷ್ಯನೆತ್ತರದ ಒಂದು ಕಟ್ಟಿಗಿ ಬಿಲ್ಲು, ಬಿಗಿದ ದಾರ, ಜೋಡಿಗೆ ಒಂದು ಕೊಡತಿ. ಫೋಟೋ ತೋರಿಸಿದ್ರು, ತಮ್ಮ ಎದಿ ಮುಟ್ಟಿಕೊಂಡ್ರು. ಇವರ ಮಗ ನಾನು ಅಂತ. ನೆಲದ ಮ್ಯಾಲೆ ಒಂದು ಹಿಡಿ ಹತ್ತಿ ಹಾಕಿ, ಬಿಲ್ಲಿನ ದಾರ ಅದಕ್ಕ ತಾಗಿಸಿ, ಕೊಡತಿಯಿಂದ ಮೀಟಿದ್ರು.

ಟುಂಯ್. ಟುಂಯ್. ಟುಂಯ್.

ಹತ್ತಿ ಹೂವಾಗಿ ಎದ್ದಿತು. ಮನಿತನ ಕೇಳಿದ್ರ ಪಾಪ ಆ ಮನುಷ್ಯ ಎಷ್ಟು ಚೆಂದ ಹೇಳಿದ್ರು! ಆದ್ರ ಅಣ್ಣನ ಮಾತು ಖರೆ ಆಗಿತ್ತು. ಸಮುದ್ರದಾಚಿ ಪಿಂಜಾರರು ಇದ್ರು, ಬಿಲ್ಲು ಸಮೇತ ಇದ್ರು.

ನೀಲಾ ನನ್ನ ಕೈ ಹಿಡಕೊಂಡ್ಲು. "ಅತ್ತಿ, ನಿನ್ನ ಕಾಲು ಬೀಳ್ತೀನಿ. ಅಪ್ಪಗ ಇದೊಂದು ಹೇಳಬ್ಯಾಡ. ಹೊಲಾ ಮನಿ ಇದ್ದವರು ಅಂದುಬಿಡು."

ಅಂದುಬಿಡೋಣ ಅಂತಲೇ ಮನಸ್ಸು ಮಾಡಿದ್ದೆ. ಅಷ್ಟರಾಗ ಫೋನ್ ಬಡಕೊಂಡಿತು. ಅಣ್ಣನೇ, ವಿಡಿಯೋ ಕಾಲ್.

ಫೋನಿನಾಗ

ನಮ್ಮಣ್ಣ ವಿಡಿಯೋ ಅಂದ್ರ ಫೋನ್ ಕಿವಿಗೆ ಹಚ್ಚಿಕೊಂಡು ಮಾತಾಡ್ತಾನ. ಹಂಗಾಗಿ ನಮಗೆಲ್ಲಾ ಕಂಡಿದ್ದು ಅವನ ಕಿವಿ, ಅದರೊಳಗಿನ ಕೂದಲು. ಮೊರಿ ಯಜಮಾನರು ಅದಕ್ಕ ಬಗ್ಗಿ ನಮಸ್ಕಾರ ಮಾಡಿದ್ರು.

"ಏನಾತು ಸುವರ್ಣಾ? ಯಾರ ಪೈಕಿ?"

"ಅದು ಅಣ್ಣಾ..." ಅಂತ ನಾನು ನುಂಗಾಕ ಹತ್ತೀನಿ, ಇತ್ಲಾಗ ಯಜಮಾನರು ಬೀಗರು ಕೇಳಾಕತ್ಯಾರ ಅಂತ ಹುರುಪಿನಿಂದ ಮತ್ತ ಬಿಲ್ಲು ಮೀಟಿದ್ರು. ಟುಂಯ್, ಟುಂಯ್. ಆ ಕಡಿ ಫೋನಿನೊಳಗಿಂದಲೂ ಅದೇ ಸಪ್ಪಳ ಬರ್ತಿತ್ತು, ದೂರದಾಗ. ಒಮ್ಮೆಲೇ ಅಲ್ಲಿಯದು ನಿಂತಿತು.

"ಯಾರ್ರಿ ಸಾವ್ಕಾರ್ರ ಅದು, ಬಿಲ್ಲು ಹೊಡಿಯೋರು?"

ಹುಸೇನಪ್ಪನ ದನಿ. ಹುಸೇನಪ್ಪ ನಮ್ಮೂರ ಪಿಂಜಾರ. ಪೀರಲ ಹಬ್ಬಕ್ಕ, ಮೊಹರಂ ಅಂತಾರಲ್ಲ ಅದಕ್ಕ, ಬೆಂಕಿ ಕುಣಿ ಸುತ್ತ ಅಲಾವಿ ಕುಣೀತಾನ, ಬಸವಣ್ಣಗ ಕಾಯಿನೂ ಒಡಸ್ತಾನ. ಈಗ ಎಲ್ಲಾ ಮಷೀನಿನಾಗ ಹಿಂಜಿಸ್ತಾರ, ಅಣ್ಣಗ ಮಷೀನಿನ ಗಾದಿ ಒಗ್ಗಂಗಿಲ್ಲ. ಅದಕ್ಕ ಚಳಿಗಾಲ ಬರೋ ಮುಂಚೆ ಹುಸೇನಪ್ಪ ಹಿತ್ತಲ ಬಾಗಿಲಿನಿಂದ ಬರ್ತಾನ, ಹಿತ್ತಲದಾಗ ಕುಂತು ಹಿಂಜಿ, ಹಿತ್ತಲ ಬಾಗಿಲಿನಿಂದಲೇ ಹೋಗ್ತಾನ.

"ಏನಿಲ್ಲ, ನೀನು ನಿನ್ನ ಕೆಲಸ ನೋಡು," ಅಂದ ಅಣ್ಣ.

ಹುಸೇನಪ್ಪ ಕೇಳಬೇಕಲ್ಲ! ಹಿತ್ತಲದಿಂದ ಒಳಗ ಬಂದು ಫೋನ್ ಕಸಗೊಂಡನೇನೋ, ಪರದೆ ಮ್ಯಾಲೆ ಗರಗರ ತಿರುಗಿ, ತೊಲಿ ಕಂಡು, ಫ್ಯಾನ್ ಕಂಡು, ಕಡೀಗೆ ಹತ್ತಿ ಮೆತ್ತಿದ ಗಡ್ಡ ಕಂಡಿತು. ಅಂವ ಮೊರಿ ಯಜಮಾನರನ್ನ ನೋಡಿದ. ಬಿಲ್ಲು ನೋಡಿದ. "ಎಲ್ಲಿ, ಇನ್ನೊಮ್ಮೆ ಹೊಡೀ ಅನ್ನವ್ವಾ," ಅಂದ. ನೀಲಾ ಹೇಳಿದ್ಲು. ಯಜಮಾನರು ಮೀಟಿದ್ರು. ಹುಸೇನಪ್ಪ ಫೋನ್ ಎಲ್ಲೋ ಒರಗಿಸಿ, ಓಡಿ ಹೋಗಿ ತನ್ನ ಬಿಲ್ಲು ತಂದು ಮೀಟಿದ. ಇವರು ಮೂರು, ಅಂವ ಮೂರು. ಇವರು ಜೋರು, ಅಂವ ಇನ್ನೂ ಜೋರು. ಎರಡೂ ಮನಿಯಾಗ ಹತ್ತಿ ಹಾರಾಡಿತು. ಬೀಗತಿ ಚಾದ ಕಪ್ಪುಗಳ ಮ್ಯಾಲೆ ಕೈ ಮುಚ್ಚಿದ್ಲು. ಮೊರಿ ಯಜಮಾನರ ಮುಖದಾಗ ಮೊದಲ ಸಲ ಹಲ್ಲು ಕಂಡವು.

"ಸಾವ್ಕಾರ್ರ," ಹುಸೇನಪ್ಪ ಏದುಸಿರು ಬಿಡ್ತಾ ಅಂದ, "ಇವರು ನಮ್ಮ ಪೈಕಿ!"

ಅಲ್ಲಿಗೆ ನನ್ನ ಕೆಲಸ ಮುಗೀತು. ಯಾರ ಪೈಕಿ ಅನ್ನೋದು ಖಾತ್ರಿ ಆಗಿತ್ತು.

"ಇವರು ನಿಮಗ ಏನು ಸಂಬಂಧರಿ? ನೀಲವ್ವ ಯಾಕ ಅಲ್ಲಿ ಕುಂತಾಳ?" ಅಂತ ಹುಸೇನಪ್ಪನೇ ಕೇಳಿದ.

"ನಮ್ಮ ನೀಲಾನ್ನ ಈ ಮನಿ ಹುಡುಗ ಕೇಳ್ಯಾನ ಹುಸೇನಪ್ಪಾ," ಅಂದೆ ನಾನು. ಸಿಟ್ಟು ಬಂದಿತ್ತು ನನಗ, ತಡಕೊಳ್ಳಲಿಲ್ಲ. "ಅದಕ್ಕೇ ನಿಮ್ಮ ಸಾವ್ಕಾರ ಯುಗಾದಿಯಿಂದ ಮಗಳ ಜೋಡಿ ಮಾತು ಬಿಟ್ಟಾನ."

"ಯಾಕ? ಹುಡುಗ ಕುಡೀತಾನೇನು?"

"ಇಲ್ಲ."

"ಮತ್ತ್ಯಾಕ್ರಿ ಸಾವ್ಕಾರ್ರ?"

ಹೇಳು ಅಣ್ಣಾ, ಹೇಳು ಅಂತ ನಾನು ಮನಸ್ಸಿನಾಗೇ ಅಂದೆ. ಅವನ ಮುಖಕ್ಕ ಮುಖ ಕೊಟ್ಟು ಹೇಳು. ಅಣ್ಣ ಎಲ್ಲೋ ಅಂಚಿಗೆ ಕುಂತಿದ್ದ, ಅವನ ಮಣಕಾಲು ಅಷ್ಟ ಕಾಣ್ತಿತ್ತು. ಮಣಕಾಲು ಅಲುಗಲಿಲ್ಲ. ಹುಸೇನಪ್ಪ ಅವನನ್ನೇ ನೋಡ್ತಾ ನಿಂತ. ನೋಡ್ತಾ ನೋಡ್ತಾ ಅವಗ ತಿಳೀತು. ಗಡ್ಡದಾಗಿನ ಹತ್ತಿ ನಿಧಾನಕ ಒಂದೊಂದೇ ತೆಗೆದು ಹಾಕಿದ. ಬಿಲ್ಲು ಗೋಡಿಗೆ ಆನಿಸಿದ. ಫೋನಿನಿಂದ ಮರೆಯಾದ.

ನೀರಿನ ಸಪ್ಪಳ ಕೇಳಿತು, ಮುಖ ತೊಳೀತಿದ್ದ. ಹಿತ್ತಲ ಬಾಗಿಲು ಕಿರ್ ಅಂತು. ಹೋದ, ಸಿಟ್ಟು ಮಾಡಿಕೊಂಡು ಹೋದ ಅಂತ ನಾನು ಹಣಿ ಬಡಕೊಂಡೆ. ಮೊರಿ ಯಜಮಾನರು ಬಿಲ್ಲು ಹಿಡಕೊಂಡು, ಏನಾತು ಅಂತ ಕಣ್ಣಿನಾಗೇ ಕೇಳ್ತಿದ್ರು. ಏನು ಹೇಳೋದು?

ಸ್ವಲ್ಪ ಹೊತ್ತಿಗೆ ನಮ್ಮ ಮನಿಯ ಮುಂದಿನ ಬಾಗಿಲ ಚಿಲಕ ಬಡಿದ ಸಪ್ಪಳ. ಮುಂದಿನ ಬಾಗಿಲು, ಬೀದಿ ಕಡೀದು.

"ಯಾರು?" ಅಂದ ಅಣ್ಣ.

"ಗಂಡಿನ ಕಡಿಯವರು," ಅಂತು ಹುಸೇನಪ್ಪನ ದನಿ. "ಹೆಣ್ಣು ಕೇಳಾಕ ಬಂದೀವಿ. ನಮ್ಮ ಹಿರೇರು ದೂರ ಅದಾರ, ಪರವಾಗಿಲ್ಲ, ಅವರ ಪೈಕಿ ನಾನಿದೀನಿ."

ಮಣಕಾಲು ಅಲುಗಿತು. ಅಣ್ಣ ಎದ್ದು ನಿಂತ. ನನಗ ಈಗ ಅವನ ಧೋತರದ ಅಂಚು, ಅವನ ಎರಡು ಪಾದ ಅಷ್ಟ ಕಾಣ್ತಿದ್ವು. ಪಾದ ಒಂದು ಹೆಜ್ಜಿ ಮುಂದ ಹೋದ್ವು, ನಿಂತವು. ಮೂವತ್ತು ವರ್ಷ "ಬಾರೋ ಹುಸೇನಪ್ಪ" ಅಂದ ಬಾಯಿ ಅದು. ಬೀಗರು ಬಾಗಿಲಿಗೆ ಬಂದ್ರ ಏನನ್ನಬೇಕೋ ಅದನ್ನ ಅನ್ನಾಕ ಅವಗ ಬಾಳ ಹೊತ್ತು ಹಿಡೀತು. ಆಮ್ಯಾಲೆ ಅಂದ.

"ಬರ್ರಿ," ಅಂದ. "ಒಳಗ ಬರ್ರಿ. ಕುಂದರ್ರಿ."

ಹುಸೇನಪ್ಪನ ಪಾದ ಹೊಸ್ತಿಲು ದಾಟಿದ್ವು. ಮನಿಯಾಗ ಹೆಂಗಸರಿಲ್ಲ, ಬೀಗರಿಗೆ ನೀರು ಕೊಡೋರಿಲ್ಲ, ಹೆಂಗ ಮಾಡಬೇಕು ಅಂತ ಅಣ್ಣಗ ಕೈಕಾಲು ಆಡವಲ್ಲವು ಅಂತ ಅವನ ಪಾದ ನೋಡಿದ್ರೇ ತಿಳೀತಿತ್ತು, ಅತ್ಲಾಗ ಒಂದು ಹೆಜ್ಜಿ, ಇತ್ಲಾಗ ಒಂದು ಹೆಜ್ಜಿ. ಗಾಬರಿಯಾಗ ಮನುಷ್ಯ ಎಲ್ಲಾ ಮರೀತಾನ ನೋಡ್ರಿ, ಸಿಟ್ಟು ಮರೀತಾನ, ಮಗಳು ಯಾವ ದೇಶದಾಗ ಅದಾಳ ಅನ್ನೋದನ್ನೂ ಮರೀತಾನ. ಅಡಿಗಿ ಮನಿ ಕಡಿ ತಿರುಗಿ, ಎಷ್ಟೋ ವರ್ಷ ಕೂಗಿದಂಗೇ ಕೂಗಿದ:

"ನೀಲಾ! ಬೀಗರು ಬಂದಾರ, ನೀರು ತಗೊಂಡು ಬಾ!"

"ಬಂದೆ ಅಪ್ಪಾ," ಅಂತ ನನ್ನ ಪಕ್ಕದಾಗ ನೀಲಾ ದಡಕ್ಕನೆ ಎದ್ದು ಮೊರಿಯವರ ಅಡಿಗಿ ಮನಿಗೆ ಓಡಿ ಹೋದ್ಲು. ತುಂಬಿದ ಲೋಟ ಹಿಡಕೊಂಡು ಬಂದು ನಡುಮನಿಯಾಗ ನಿಂತು ಅತ್ತಿತ್ತ ನೋಡಿದ್ಲು. ಕಣ್ಣಾಗಿನ ನೀರು ಲೋಟದಾಗ ಬೀಳ್ತಿತ್ತು. ಮೊರಿ ಯಜಮಾನರು ಬಿಲ್ಲು ಕೆಳಗಿಟ್ಟು, ಎರಡೂ ಕೈ ಚಾಚಿ ಆ ಲೋಟ ತಗೊಂಡು, ನಿಂತು, ಒಂದೇ ಗುಟುಕಿಗೆ ಕುಡಿದ್ರು.